ಹತ್ತು ಆಂಪ್ಸ್ ಹಾಕಿದ್ರೆ ಕ್ಯಾಮೆರಾ ಸುಡುತ್ತಾ?

ಗಂಗಾವತಿಯಲ್ಲಿ ನಾನು ಸಿಸಿಟಿವಿ ಹಾಕುವ, ರಿಪೇರಿ ಮಾಡುವ ಕೆಲಸ ಮಾಡುತ್ತೇನೆ. ಇಲ್ಲಿ ನಮಗೆ ಸಿಗುವ ಕೆಲಸ ಹೆಚ್ಚಾಗಿ ರೈಸ್ ಮಿಲ್ಲುಗಳದ್ದೇ. ಹೋದ ವರ್ಷ ಬೇಸಿಗೆಯಲ್ಲಿ ಒಂದು ಮಿಲ್ಲಿಗೆ ಒಂದೇ ತಿಂಗಳಲ್ಲಿ ಮೂರು ಸಲ ಹೋಗಿ ಬಂದೆ. ಮೂರೂ ಸಲ ಒಂದೇ ದೂರು: ಕತ್ತಲಾದರೆ ಕ್ಯಾಮೆರಾ ಬಂದ್.

ಹಗಲು ಹೋಗಿ ನೋಡಿದರೆ ಎಂಟೂ ಕ್ಯಾಮೆರಾ ಚೆನ್ನಾಗಿ ನಡೆಯುತ್ತಿದ್ದವು. ಕನೆಕ್ಟರ್ ಬಿಗಿ ಮಾಡಿದೆ. ಎರಡು ಕ್ಯಾಮೆರಾ ವಾರಂಟಿಯಲ್ಲಿ ಬದಲಾಯಿಸಿದೆ. ಏನೂ ಉಪಯೋಗ ಆಗಲಿಲ್ಲ. ನಾಲ್ಕನೇ ಸಲ ಫೋನ್ ಮಾಡಿದ ಸಾಹುಕಾರರು, "ಹಗಲು ಬರಬ್ಯಾಡ್ರಿ, ರಾತ್ರಿ ಬಂದು ಕುಂದರ್ರಿ" ಅಂದರು. ನಾನೇ ಮೊದಲ ದಿನ ಯೋಚಿಸಬೇಕಿದ್ದ ಮಾತು ಅದು.

ಸಂಜೆ ಹೋಗಿ ಕೂತೆ. ಕತ್ತಲಾಗುತ್ತಿದ್ದಂತೆ ಕ್ಯಾಮೆರಾಗಳ ಐಆರ್ (ಕತ್ತಲಲ್ಲಿ ಕಾಣಲು ಬೇಕಾದ ಇನ್‌ಫ್ರಾರೆಡ್ ಬೆಳಕಿನ) ಎಲ್‌ಇಡಿಗಳು ಕೆಂಪಗೆ ಹೊತ್ತಿಕೊಂಡವು. ಸ್ವಲ್ಪ ಹೊತ್ತಿಗೆ ಎಲ್ಲ ಕ್ಯಾಮೆರಾ ಒಟ್ಟಿಗೆ ಹೋದವು. ಮತ್ತೆ ಬಂದವು. ಮತ್ತೆ ಹೋದವು.

ಮೀಟರನ್ನು 10 ಆಂಪ್ಸ್ ಸಾಕೆಟ್ಟಿಗೆ ಹಾಕಿ, ಲೈನಿನ ನಡುವೆ ಸೇರಿಸಿ ಅಳೆದೆ. ಹಗಲು ಒಂದು ಕ್ಯಾಮೆರಾ ಎಳೆಯುತ್ತಿದ್ದದ್ದು 0.25 ಆಂಪ್ಸ್. ಐಆರ್ ಹೊತ್ತಿದ ಮೇಲೆ 0.6. ಎಂಟು ಕ್ಯಾಮೆರಾಕ್ಕೆ ಹಗಲು 2 ಆಂಪ್ಸ್, ರಾತ್ರಿ 4.8. (ಕರೆಂಟ್ ಅಳೆದ ಮೇಲೆ ಮೀಟರಿನ ಕೆಂಪು ವೈರನ್ನು ವೋಲ್ಟ್ ಸಾಕೆಟ್ಟಿಗೆ ವಾಪಸ್ ಹಾಕುವುದನ್ನು ಮರೆಯಬೇಡಿ. ಮರೆತು ವೋಲ್ಟ್ ಅಳೆದರೆ ನೇರ ಶಾರ್ಟ್.) ಅಲ್ಲಿದ್ದ ಎಸ್‌ಎಂಪಿಎಸ್ (ಮೇನ್ ಲೈನಿನ ವೋಲ್ಟ್ ಇಳಿಸಿ ಕ್ಯಾಮೆರಾಗಳಿಗೆ ಕೊಡುವ ಡಬ್ಬಿ) 12 ವೋಲ್ಟ್, 5 ಆಂಪ್ಸಿನದು. ಮೊದಲು ನಾಲ್ಕು ಕ್ಯಾಮೆರಾಕ್ಕೆಂದು ಹಾಕಿದ್ದೆ. ಆಮೇಲೆ ನಾಲ್ಕು ಹೊಸದು ಬಂದಾಗ ಆಂಪ್ಸ್ ಕೂಡಿಸಿ ನೋಡದೆ ಅದಕ್ಕೇ ಸೇರಿಸಿಬಿಟ್ಟಿದ್ದೆ.

ಲೆಕ್ಕದಲ್ಲಿ 4.8 ಅಂದರೆ 5ರ ಒಳಗೇ ಇದೆ, ಅಲ್ವಾ? ಆದರೆ ಆ ಡಬ್ಬಿ ಇದ್ದದ್ದು ಬಾಯ್ಲರ್ ಪಕ್ಕದ ತಗಡಿನ ಶೆಡ್ಡಿನಲ್ಲಿ. ಬಿಸಿ ಹೆಚ್ಚಾದಷ್ಟೂ ಎಸ್‌ಎಂಪಿಎಸ್ ಕೊಡಬಲ್ಲ ಕರೆಂಟ್ ಕಡಿಮೆಯಾಗುತ್ತದೆ. ಭಾರ ತಾಳದೆ ಅದು ಕೈಬಿಡುತ್ತಿತ್ತು. ಕ್ಯಾಮೆರಾಗಳು ಮತ್ತೆ ಆನ್ ಆಗುವಾಗ ಮೊದಲು ಐಆರ್ ಇರುವುದಿಲ್ಲ, ಭಾರ ಹಗುರ. ಐಆರ್ ಹೊತ್ತಿದ ಕೂಡಲೇ ಮತ್ತೆ ಕೈಬಿಡುತ್ತಿತ್ತು.

10 ಆಂಪ್ಸ್ ಡಬ್ಬಿ ತೆಗೆದಾಗ ಜೊತೆಗಿದ್ದ ಹುಡುಗ ಗಾಬರಿಯಾದ. "ಅಣ್ಣಾ, ಕ್ಯಾಮೆರಾಕ್ಕ ಬೇಕಾಗಿದ್ದು ಅರ್ಧ ಆಂಪ್ಸ್. ಹತ್ತು ಕೊಟ್ರ ಸುಡಂಗಿಲ್ಲೇನು?"

ಈ ಭಯ ತುಂಬಾ ಜನರಿಗಿದೆ. ಕೆಲಸ ಶುರು ಮಾಡಿದಾಗ ನನಗೂ ಇತ್ತು. ಅವನಿಗೆ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ತೋರಿಸಿ ಹೇಳಿದೆ. ಕಾಲುವೆಯಲ್ಲಿ ಎಷ್ಟೇ ನೀರು ಹರಿಯಲಿ, ನಿನ್ನ ಗದ್ದೆಗೆ ಎಷ್ಟು ಬರಬೇಕು ಅನ್ನುವುದು ತೂಬಿನ ಮೇಲೆ ನಿಂತಿದೆ. ನೀರಿನ ಮಟ್ಟ ಅಂದರೆ ವೋಲ್ಟ್, ಹರಿದು ಬರುವ ನೀರು ಅಂದರೆ ಆಂಪ್ಸ್. ಮಟ್ಟ ಮಿತಿ ಮೀರಿದರೆ ಬದು ಒಡೆಯುತ್ತದೆ. ಮಟ್ಟ ಸರಿ ಇದ್ದರೆ ತೂಬು ತನಗೆ ಬೇಕಾದಷ್ಟೇ ಬಿಟ್ಟುಕೊಳ್ಳುತ್ತದೆ. ಎಸ್‌ಎಂಪಿಎಸ್ ಮೇಲೆ ಬರೆದ 10 ಆಂಪ್ಸ್ ಅಂದರೆ "ಇಷ್ಟರವರೆಗೆ ಕೊಡಬಲ್ಲೆ" ಅಂತ. "ಇಷ್ಟು ನೂಕುತ್ತೇನೆ" ಅಂತ ಅಲ್ಲ.

ಬಾಯಿಮಾತಿಗೆ ಅವನು ಪೂರ್ತಿ ಒಪ್ಪಲಿಲ್ಲ. ಹೊಸ ಡಬ್ಬಿ ಹಾಕಿ ಮೀಟರ್ ತೋರಿಸಿದೆ. ಅದೇ 4.8. ಆಮೇಲೆ ಕ್ಯಾಮೆರಾಗಳು ಒಟ್ಟಿಗೆ ಹೋಗುವುದು ನಿಂತಿತು.

ವೋಲ್ಟ್ ವಿಷಯದಲ್ಲಿ ಮಾತ್ರ ಈ ಧೈರ್ಯ ಬೇಡ. ಪಿನ್ ಕೂಡುತ್ತದೆ ಅಂತ 19 ವೋಲ್ಟಿನ ಲ್ಯಾಪ್‌ಟಾಪ್ ಅಡಾಪ್ಟರನ್ನು 12 ವೋಲ್ಟಿನ ರೌಟರ್‌ಗೆ ಚುಚ್ಚಿ, ಸುಟ್ಟುಕೊಂಡು ನಮ್ಮ ಅಂಗಡಿಗೆ ತಂದವರಿದ್ದಾರೆ.

ಆ ರಾತ್ರಿ ಇನ್ನೊಂದು ತೊಂದರೆ ಉಳಿದಿತ್ತು. ಏಳು ಕ್ಯಾಮೆರಾ ಸರಿಯಾದವು. ವೇಬ್ರಿಜ್ (ಲಾರಿ ತೂಕ ಮಾಡುವ ಜಾಗ) ಹತ್ತಿರದ ಎಂಟನೆಯದು ಮಾತ್ರ ಮಿಣುಕುತ್ತಲೇ ಇತ್ತು. ಹುಡುಗ ಈಗ ಧೈರ್ಯವಾಗಿ, "20 ಆಂಪ್ಸ್ ಹಾಕೋಣೇನು?" ಅಂದ. ಅದು ಆಂಪ್ಸ್ ಸಾಲದ ತೊಂದರೆ ಅಲ್ಲ. ಡಬ್ಬಿಯ ಬಾಯಲ್ಲಿ 12 ವೋಲ್ಟ್ ಇತ್ತು, ಆ ಕ್ಯಾಮೆರಾ ಹತ್ತಿರ ಅಳೆದರೆ 9. ಅಲ್ಲಿಗೆ 70 ಮೀಟರ್ ವೈರ್, ಹೋಗಿ ಬರುವುದು ಸೇರಿ 140. ಅರ್ಧ ಎಸ್‌ಕ್ಯೂ ಎಂಎಂ (ಚದರ ಮಿಲಿಮೀಟರ್) ದಪ್ಪದ ತಾಮ್ರದ ತಂತಿಗೆ ಅಷ್ಟು ಉದ್ದಕ್ಕೆ ಸುಮಾರು 5 ಓಮ್ ತಡೆ. 0.6 ಆಂಪ್ಸ್ ಹರಿದರೆ 3 ವೋಲ್ಟ್ ದಾರಿಯಲ್ಲೇ ಹೋಯಿತು. ಕಾಲುವೆ ಕೊನೆ ಭಾಗದ ರೈತರಿಗೆ ನೀರು ಮುಟ್ಟದ ಕಷ್ಟ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇದೂ ಹಾಗೆಯೇ. ವೇಬ್ರಿಜ್ ರೂಮಿನಲ್ಲಿ 230 ವೋಲ್ಟ್ ಪಾಯಿಂಟ್ ಇತ್ತು. ಅಲ್ಲೇ ಒಂದು 12 ವೋಲ್ಟ್, 2 ಆಂಪ್ಸ್ ಅಡಾಪ್ಟರ್ ಕೂರಿಸಿದೆ. ಆ ಕ್ಯಾಮೆರಾ ಮಿಣುಕುವುದೂ ನಿಂತಿತು.

ದೊಡ್ಡ ಡಬ್ಬಿಗೆ ನಿಜವಾಗಿಯೂ ಹೆದರಬೇಕಾದ ಜಾಗ ಒಂದಿದೆ. ಮಿಲ್ಲಿನಲ್ಲಿ ಇಲಿ ಕಾಟ ಜಾಸ್ತಿ. ಇಲಿ ವೈರ್ ಕಡಿದು ಶಾರ್ಟ್ ಆದರೆ, ಆಗ 10 ಆಂಪ್ಸೂ ಆ ತೆಳು ತಂತಿಯಲ್ಲಿ ಹರಿಯಬಹುದು. ಸುತ್ತ ಒಣ ಹೊಟ್ಟು, ಧೂಳು. ಅದಕ್ಕೇ ಒಂದೊಂದು ಕ್ಯಾಮೆರಾ ಲೈನಿಗೂ ಬೇರೆ ಬೇರೆ 1 ಆಂಪ್ಸ್ ಫ್ಯೂಸ್ ಹಾಕಿದೆ. ಸಾಹುಕಾರರಿಗೆ ಅದು ಸುಮ್ನೆ ಖರ್ಚು ಅನ್ನಿಸಿತು. ನಾನು ಒಪ್ಪಲಿಲ್ಲ. ಡಬ್ಬಿಯ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಹಗಲು ಎಷ್ಟು, ರಾತ್ರಿ ಎಷ್ಟು ಅಂತ ಅಳತೆ ಬರೆದಿಟ್ಟು ಬಂದೆವು.

ಮಳೆಗಾಲದಲ್ಲಿ ಮತ್ತೆ ಫೋನ್ ಬಂತು. ಗೋಡೌನಿನ ಒಂದು ಕ್ಯಾಮೆರಾ ಬಂದ್. ಹುಡುಗ ಒಬ್ಬನೇ ಹೋದ. ಇಲಿ ಕಡಿದ ವೈರ್, ಹೋದದ್ದು ಒಂದೇ ಫ್ಯೂಸ್. ಉಳಿದ ಏಳು ನಡೆಯುತ್ತಲೇ ಇದ್ದವು.