ಅಮ್ಮನಿಗೆ ಹೇಳಿದ ಎಲ್ ಪಾಸೋದ ಕಥೆ

ಎಲ್ ಪಾಸೋ ಟೆಕ್ಸಾಸ್ ರಾಜ್ಯದ ಪಶ್ಚಿಮದ ತುತ್ತತುದಿಯಲ್ಲಿರುವ ಗಡಿಯೂರು. ರಿಯೋ ಗ್ರಾಂಡೆ ನದಿಯ ಈಚೆ ದಡದಲ್ಲಿ ಎಲ್ ಪಾಸೋ, ಆಚೆ ದಡದಲ್ಲಿ ಮೆಕ್ಸಿಕೋದ ಸಿಯುದಾದ್ ಹುವಾರೆಸ್. ಬೆಂಜಮಿನ್ ಅಲೀರೆ ಸಾಎನ್ಸ್ 2012ರಲ್ಲಿ ಪ್ರಕಟಿಸಿದ ‘ಅರಿಸ್ಟಾಟಲ್ ಅಂಡ್ ಡಾಂಟೆ ಡಿಸ್ಕವರ್ ದ ಸೀಕ್ರೆಟ್ಸ್ ಆಫ್ ದ ಯೂನಿವರ್ಸ್’ ಕಾದಂಬರಿ ಈ ಊರಿನಲ್ಲಿ, 1987ರ ಬೇಸಿಗೆಯಲ್ಲಿ ಆರಂಭವಾಗುತ್ತದೆ. ಮೆಕ್ಸಿಕನ್ ಮೂಲದ ಇಬ್ಬರು ಹುಡುಗರ ಸ್ನೇಹ ಪ್ರೀತಿಯಾಗುವ ಈ ಕಥೆಯನ್ನು ನಾನು ಬಹಳ ಸಲ ಓದಿದ್ದೇನೆ. ಅದು ನನ್ನ ಬದುಕಿನೊಳಕ್ಕೆ ನಿಜವಾಗಿ ಇಳಿದದ್ದು ಮಾತ್ರ, ಆಸ್ಟಿನ್‌ನ ನನ್ನ ಮನೆಯಲ್ಲಿ ಒಂದು ಭಾನುವಾರ ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದಾಗ.

ನಾನು ಗಂಡಸರನ್ನು ಪ್ರೀತಿಸುವವನು ಎಂಬುದನ್ನು ಅದಕ್ಕೂ ಎಷ್ಟೋ ಮೊದಲೇ, ಅರಸೀಕೆರೆಗೆ ಹೋಗಿದ್ದಾಗ, ಅಮ್ಮನಿಗೆ ತಿಳಿಸಿದ್ದೆ. ಅವಳು ಅಳಲಿಲ್ಲ, ಬೈಯಲಿಲ್ಲ, ಊಟಕ್ಕೆ ಏಳು ಎಂದಳು. ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಮನೆಯಲ್ಲಿ ಹೆಣ್ಣು ನೋಡುವ ಪ್ರಸ್ತಾಪ ಸದ್ದಿಲ್ಲದೆ ನಿಂತುಹೋಯಿತು. ನೆಂಟರು ಕೆದಕಿದರೆ ‘ಅವನಿಗೆ ಕೆಲಸ ಜಾಸ್ತಿ’ ಎಂದು ಅವಳೇ ಮಾತು ಮುಗಿಸುತ್ತಿದ್ದಳಂತೆ. ಗಂಡಸರನ್ನು ಪ್ರೀತಿಸುವವನೊಬ್ಬನ ಬದುಕಿನ ಕಥೆಗಳಿರುವ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ ಅದನ್ನು ಊರಿಗೆ ಕೊಂಡೊಯ್ದು ಬೇಕೆಂದೇ ಟೀವಿಯ ಪಕ್ಕ ಇಟ್ಟಿದ್ದೆ. ಅದರ ಮೇಲಿನ ದೂಳನ್ನು ಅವಳು ತಪ್ಪದೆ ಒರೆಸಿದಳೇ ಹೊರತು ತೆರೆಯಲಿಲ್ಲ. ಕನ್ನಡದ ಕಥೆ ತೀರಾ ಹತ್ತಿರದ್ದಾಯಿತೇನೋ. ದೂರದ ಊರಿನ, ಬೇರೆ ಜನರ ಕಥೆಗೆ ಅವಳು ಕಿವಿಗೊಟ್ಟಾಳೆಂದು ಮಾತ್ರ ನಾನು ಎಣಿಸಿರಲಿಲ್ಲ.

ಆ ಭಾನುವಾರ ಅವಳು ಊಟದ ಮೇಜಿನ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. “ಯಾವಾಗ ನೋಡಿದ್ರೂ ಅದನ್ನೇ ಹಿಡ್ಕೊಂಡಿರ್ತೀಯಲ್ಲ, ಏನೈತೆ ಅದ್ರಲ್ಲಿ?” ಎಂದು ಕೇಳಿದಳು. ಹದಿನೈದು ವರ್ಷದ ಒಬ್ಬ ಹುಡುಗನ ಕಥೆ, ಅವನ ಅಪ್ಪ ಅಂಚೆ ಹಂಚುವವನು ಎಂದೆ. ಅಮ್ಮನ ತಂದೆ ತಿಪಟೂರಿನ ಕಡೆ ಪೋಸ್ಟ್‌ಮ್ಯಾನ್ ಆಗಿದ್ದವರು. “ಅಮೆರಿಕದಾಗೂ ಅಂಚೆಯೋನ ಮಗನ ಮೇಲೆ ಪುಸ್ತಕ ಬರೀತಾರಾ?” ಎಂದು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಳು.

ಹೇಳತೊಡಗಿದೆ. ಅರಿಸ್ಟಾಟಲ್ ಮೆಂಡೋಸಾ, ಮನೆಯವರ ಬಾಯಲ್ಲಿ ಆರಿ, ಒಂಟಿ ಹುಡುಗ, ಒಳಗೊಳಗೇ ಸಿಟ್ಟಿನವನು. ಈಜು ಬರುವುದಿಲ್ಲ. ಈಜುಕೊಳದಲ್ಲಿ ಡಾಂಟೆ ಕಿಂಟಾನಾ ತಾನಾಗಿಯೇ ಬಂದು ಕಲಿಸಲೇ ಎಂದು ಕೇಳುತ್ತಾನೆ. ಡಾಂಟೆ ಕವಿತೆ ಓದುವವನು, ಚಿತ್ರ ಬರೆಯುವವನು, ಅಪ್ಪ ಅಮ್ಮನನ್ನು ತಬ್ಬಿ ಮುತ್ತಿಡಲು ನಾಚದವನು. ಆರಿಯ ಮನೆಯಲ್ಲಿ ಮೌನವೇ ಹೆಚ್ಚು. ಅಪ್ಪ ವಿಯೆಟ್ನಾಂ ಯುದ್ಧದಿಂದ ಬಂದವನು, ಅದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಅಣ್ಣ ಬರ್ನಾರ್ಡೋ ಜೈಲಿನಲ್ಲಿದ್ದಾನೆ. ಅವನ ಹೆಸರನ್ನು ಯಾರೂ ಎತ್ತುವುದಿಲ್ಲ, ಅವನ ಫೋಟೋ ಕೂಡ ಗೋಡೆಯ ಮೇಲಿಲ್ಲ. ಒಂದು ಮಳೆಯ ದಿನ, ಗಾಯಗೊಂಡ ಹಕ್ಕಿಯನ್ನು ಎತ್ತಿಕೊಳ್ಳಲು ರಸ್ತೆಗಿಳಿದ ಡಾಂಟೆಯ ಮೇಲೆ ಕಾರು ನುಗ್ಗಿ ಬರುತ್ತದೆ. ಆರಿ ಹಾರಿ ಅವನನ್ನು ತಳ್ಳಿ ತಾನು ಕಾಲು ಮುರಿದುಕೊಳ್ಳುತ್ತಾನೆ.

“ಎರಡೂ ಕಾಲಾ?” ಎಂದಳು ಅಮ್ಮ. ಎರಡೂ ಎಂದೆ. “ಹಂಗಾದ್ರೆ ಅಷ್ಟು ಇಷ್ಟ ಅವನ ಮೇಲೆ,” ಎಂದು ಸೊಪ್ಪಿನ ಮೇಲಿನ ಕಣ್ಣು ತೆಗೆಯದೆ ಹೇಳಿದಳು. ಇಡೀ ಕಾದಂಬರಿಯಲ್ಲಿ ಆರಿ ತನಗೆ ತಾನೇ ಹೇಳಿಕೊಳ್ಳಲಾರದ ಮಾತು ಅದು. ನಾನು ಕಥೆಯನ್ನು ಅರ್ಧಕ್ಕೂ ತಂದಿರಲಿಲ್ಲ.

ಒಫೀಲಿಯಾಳ ಭಾಗ ಬಂದಾಗ ಅಮ್ಮನ ಕೈ ನಿಂತಿತು. ಒಫೀಲಿಯಾ ಆರಿಯ ಅಚ್ಚುಮೆಚ್ಚಿನ ಬಂಧು, ಅವನ ಆಂಟಿ. ಅವನು ಚಿಕ್ಕವನಿದ್ದಾಗ ಮನೆಯ ಕಷ್ಟಕಾಲದಲ್ಲಿ ತಿಂಗಳುಗಟ್ಟಲೆ ಅವನನ್ನು ಇಟ್ಟುಕೊಂಡು ಸಾಕಿದವಳು. ಅವಳು ತೀರಿಕೊಂಡಾಗ ಆರಿ, ಅವನ ಅಪ್ಪ ಅಮ್ಮ ಬಿಟ್ಟರೆ ಬಂಧುಗಳು ಯಾರೂ ಬರುವುದಿಲ್ಲ. ಯಾಕೆಂದು ಕೇಳಿದಾಗ, ಅವಳು ಫ್ರಾನಿ ಎಂಬ ಹೆಂಗಸಿನ ಜೊತೆ ವರ್ಷಾನುಗಟ್ಟಲೆ ಸಂಸಾರ ಮಾಡಿದ್ದಳೆಂದು ಅಮ್ಮ ಮಗನಿಗೆ ಹೇಳುತ್ತಾಳೆ. ಒಫೀಲಿಯಾ ತನ್ನ ಮನೆಯನ್ನು ಆರಿಯ ಹೆಸರಿಗೇ ಬಿಟ್ಟುಹೋಗಿರುತ್ತಾಳೆ.

“ಮಣ್ಣಿಗೂ ಬರ್ಲಿಲ್ವಾ? ಅದೇನು ಜನ!” ಎಂದಳು ಅಮ್ಮ. ಅವಳ ಸಿಟ್ಟು ನಿಜವಾದದ್ದು. ಯಾರ ಮೇಲೆ ಎಷ್ಟೇ ದ್ವೇಷವಿದ್ದರೂ ಮಣ್ಣಿಗೆ ಹೋಗದಿರುವುದು ನಮ್ಮ ಕಡೆ ದೊಡ್ಡ ತಪ್ಪು. ಆ ಒಂದು ವಿವರ ಅವಳನ್ನು ಒಫೀಲಿಯಾಳ ಪರವಾಗಿ ನಿಲ್ಲಿಸಿತು. ನಾನು ನೂರು ವಾದ ಮುಂದಿಟ್ಟಿದ್ದರೂ ಅದು ಆಗುತ್ತಿರಲಿಲ್ಲ.

ಕೊನೆಯ ಭಾಗವನ್ನು ನಿಧಾನವಾಗಿ ಹೇಳಿದೆ. ಇನ್ನೊಬ್ಬ ಹುಡುಗನಿಗೆ ಮುತ್ತು ಕೊಡುತ್ತಿದ್ದುದನ್ನು ಕಂಡ ಪುಂಡರು ಡಾಂಟೆಯನ್ನು ಆಸ್ಪತ್ರೆ ಸೇರುವಂತೆ ಹೊಡೆಯುತ್ತಾರೆ. ಬರ್ನಾರ್ಡೋ ಜೈಲು ಸೇರಿದ್ದು ಯಾಕೆಂಬುದೂ ಆರಿಗೆ ತಿಳಿಯುತ್ತದೆ: ಹೆಣ್ಣಿನ ಉಡುಪಿನಲ್ಲಿದ್ದ ಒಂದು ಜೀವವನ್ನು, ಹುಟ್ಟಿನಿಂದ ಗಂಡೆಂದು ಗೊತ್ತಾದ ಸಿಟ್ಟಿನಲ್ಲಿ, ಅವನು ಬರಿಗೈಯಲ್ಲಿ ಕೊಂದಿದ್ದ. ಮನೆಯವರು ಇಷ್ಟು ವರ್ಷ ಮುಚ್ಚಿಟ್ಟ ಮಾತು ಇದೇ ಎಂಬುದು ಕಾದಂಬರಿಯ ಅತ್ಯಂತ ಭಾರದ ಸಂಗತಿ ಎಂದು ನಾನು ತಿಳಿದಿದ್ದೇನೆ. ಆಮೇಲೆ ಒಂದು ಸಂಜೆ ಅಪ್ಪ ಅಮ್ಮ ಆರಿಯನ್ನು ಎದುರಿಗೆ ಕೂರಿಸಿಕೊಳ್ಳುತ್ತಾರೆ. ಅಪ್ಪ ಮೊದಲು ಯುದ್ಧದಲ್ಲಿ ತಾನು ಕಂಡದ್ದನ್ನು ಬಿಚ್ಚಿಡುತ್ತಾನೆ. ಬಳಿಕ, ಡಾಂಟೆ ನಿನ್ನನ್ನು ಪ್ರೀತಿಸುತ್ತಾನೆ, ನೀನೂ ಅವನನ್ನು ಪ್ರೀತಿಸುತ್ತೀಯ, ಅದರಿಂದ ಓಡಬೇಡ ಎಂದು ಮಗನಿಗೆ ಹೇಳುತ್ತಾನೆ. ಈ ಮುಕ್ತಾಯ ಅವಸರದ್ದು, ಹುಡುಗ ತಾನೇ ಕಂಡುಕೊಳ್ಳಬೇಕಾದದ್ದನ್ನು ಹೆತ್ತವರು ಕೈಗಿಟ್ಟರು ಎಂದು ಆಕ್ಷೇಪಿಸಬಹುದು. ನನಗೆ ಪುಸ್ತಕದ ಜೀವವೇ ಅಲ್ಲಿದೆ. ಹಿಂದೆ ಕ್ಯಾಥೋಲಿಕ್ ಪಾದ್ರಿಯಾಗಿದ್ದ, ತನ್ನ ವಿಷಯವನ್ನು ಐವತ್ತು ದಾಟಿದ ಮೇಲೆ ಬಹಿರಂಗವಾಗಿ ಹೇಳಿಕೊಂಡ ಲೇಖಕ, ಮಗನಿಗಿಂತ ಮೊದಲು ಅಪ್ಪನ ಬಾಯಿಯನ್ನು ತೆರೆಸಿದ್ದಾನೆ.

ಅಮ್ಮ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದಳು: “ಅವ್ರೇ ಮೊದ್ಲು ಮಾತು ತೆಗೆದ್ರು. ನಾನೂ ಹಂಗೇ ಕೇಳ್ಬೇಕಾಗಿತ್ತೇನೋ?” ನೀನು ಕೇಳಿದ್ದರೆ ನನಗೆ ಹಗುರವಾಗುತ್ತಿತ್ತು ಎಂದೆ. “ಏನು ಕೇಳ್ಬೇಕು ಅಂತ ಗೊತ್ತಾಗ್ಲಿಲ್ಲ ಕಣಪ್ಪ. ಈಗ ಕೇಳ್ತೀನಿ. ನಿಂಗೆ ಯಾರಾದ್ರೂ ಇದಾರಾ?”

ಇದ್ದಾರೆ ಎಂದೆ. ಹೆಸರು ಹೇಳಿದೆ. ಅವನು ಏನು ಕೆಲಸ ಮಾಡುತ್ತಾನೆ, ತಾಯಿ ತಂದೆ ಇದ್ದಾರೆಯೇ, ಮುದ್ದೆ ತಿನ್ನುತ್ತಾನೆಯೇ ಎಂದು ಒಂದಾದ ಮೇಲೊಂದು ಕೇಳಿದಳು. ಮೆಂತ್ಯದ ಬೇಳೆಸಾರು ಆ ದಿನ ಮೂರು ಗಂಟೆಗೆ ಆಯಿತು.

ಕಥೆಯ ರುಚಿ ಹತ್ತಿದ ಮೇಲೆ ಉಳಿದ ಪುಸ್ತಕಗಳೂ ಒಂದೊಂದಾಗಿ ಅಡುಗೆಮನೆಗೆ ಬಂದವು. ಎಲಿಜಬೆತ್ ಅಸೆವೇಡೋ ಅವರ ‘ದ ಪೊಯೆಟ್ ಎಕ್ಸ್’ 2018ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆದ, ಪದ್ಯದಲ್ಲೇ ಇರುವ ಕಾದಂಬರಿ. ಹಾರ್ಲೆಮ್‌ನ ಡೊಮಿನಿಕನ್ ಹುಡುಗಿ ಸಿಯೋಮಾರಾಳ ಕವಿತೆಗಳ ನೋಟ್‌ಬುಕ್ಕನ್ನು ದೈವಭಕ್ತೆಯಾದ ಅವಳ ತಾಯಿ ಸುಟ್ಟುಹಾಕುತ್ತಾಳೆ; ಹುಡುಗನೊಬ್ಬನನ್ನು ಪ್ರೀತಿಸುವ ಅವಳ ಅವಳಿ ಅಣ್ಣ ಅದೇ ತಾಯಿಯ ಭಯದಲ್ಲಿ ಬಾಯಿ ಮುಚ್ಚಿಕೊಂಡಿರುತ್ತಾನೆ. ಅಮ್ಮ ಆ ತಾಯಿಯನ್ನು ಬೈದಳು, ಬೈದು ಮುಗಿಸಿ ಅವಳ ಪರವಾಗಿಯೂ ಮಾತಾಡಿದಳು: ಪರದೇಶದಲ್ಲಿ ಮಕ್ಕಳು ಕೈತಪ್ಪುತ್ತಾರೆಂಬ ದಿಗಿಲು ಎಂಥದ್ದೆಂದು ನಿನಗೇನು ಗೊತ್ತು ಎಂದಳು. ಏಡನ್ ಥಾಮಸ್ ಅವರ ‘ಸೆಮಿಟರಿ ಬಾಯ್ಸ್’ (2020) ಅವಳಿಗೆ ಎಲ್ಲಕ್ಕಿಂತ ಹಿಡಿಸಿತು. ಲಾಸ್ ಏಂಜಲೀಸ್‌ನ ಟ್ರಾನ್ಸ್ ಹುಡುಗ, ಅಂದರೆ ಹುಟ್ಟಿನಿಂದ ಹೆಣ್ಣೆನಿಸಿಕೊಂಡರೂ ತಾನು ಗಂಡೆಂದು ಅರಿತ, ಯಾದ್ರಿಯೆಲ್‌ನ ಕುಲದಲ್ಲಿ ಗಂಡಸರು ಸತ್ತವರ ಆತ್ಮಗಳನ್ನು ಬಿಡುಗಡೆ ಮಾಡುತ್ತಾರೆ, ಹೆಂಗಸರು ಗಾಯ ವಾಸಿಮಾಡುತ್ತಾರೆ. ತನ್ನನ್ನು ಗಂಡೆಂದು ಮನೆಯವರು ಒಪ್ಪದಿದ್ದಾಗ ಅವನು ಗುಟ್ಟಾಗಿ ದೀಕ್ಷೆ ತೆಗೆದುಕೊಳ್ಳುತ್ತಾನೆ, ಕುಲದ ದೇವತೆ ಅವನನ್ನು ಒಪ್ಪುತ್ತಾಳೆ. “ದೇವ್ರೇ ಒಪ್ಕೊಂಡ ಮೇಲೆ ಇವರದೇನು?” ಎಂದಳು ಅಮ್ಮ. ಸತ್ತವರಿಗೆ ಎಡೆ ಇಡುವ ಅವರ ಹಬ್ಬದ ವಿವರಗಳನ್ನು, ನಮ್ಮ ಮಹಾಲಯ ಅಮಾವಾಸ್ಯೆಯೊಡನೆ ತೂಗುತ್ತ, ಎರಡೆರಡು ಸಲ ಕೇಳಿಸಿಕೊಂಡಳು.

ಗ್ಯಾಬಿ ರಿವೆರಾ ಅವರ ‘ಜೂಲಿಯೆಟ್ ಟೇಕ್ಸ್ ಅ ಬ್ರೆತ್’ (2016) ಹೆಚ್ಚಾಗಿ ನನ್ನ ಪಾಲಿನದು. ಬ್ರಾಂಕ್ಸ್‌ನ ಪೋರ್ಟೊ ರಿಕನ್ ಹುಡುಗಿ ಜೂಲಿಯೆಟ್ ತಾನು ಆರಾಧಿಸುವ ಬಿಳಿಯ ಲೇಖಕಿಯ ಬಳಿ ಕೆಲಸ ಕಲಿಯಲು ಪೋರ್ಟ್‌ಲ್ಯಾಂಡ್‌ಗೆ ಹೋಗುತ್ತಾಳೆ. ಆ ಲೇಖಕಿ ತುಂಬಿದ ಸಭೆಯಲ್ಲಿ ಅವಳನ್ನು ತೋರಿಸಿ, ಗುಂಡಿನ ನಡುವೆ ಬೆಳೆದ ಬಡ ಹುಡುಗಿ ಎಂಬಂತೆ ಬಣ್ಣಿಸುತ್ತಾಳೆ. ಇಲ್ಲಿ ನನಗೂ ಹಾಗೆ ನಿಂತು ಗೊತ್ತು. ನಿಮ್ಮ ಸಂಸ್ಕೃತಿಯಲ್ಲಿ ಇದೆಲ್ಲ ಎಷ್ಟು ಕಷ್ಟವೋ ಎಂದು ಮರುಗುವವರು ನನ್ನ ಅಮ್ಮನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಈ ಪುಸ್ತಕಗಳ ಮೇಲೆ ನನಗಿರುವ ಪ್ರೀತಿಗೆ ಕಾರಣವೂ ಅದೇ. ಇವುಗಳಲ್ಲಿ ತಾಯಂದಿರು ಹೆದರುತ್ತಾರೆ, ತಪ್ಪುತ್ತಾರೆ, ಆದರೂ ಕಥೆ ಅವರನ್ನು ಹಿಂದೆ ಬಿಟ್ಟು ಮುಂದಕ್ಕೆ ಹೋಗುವುದಿಲ್ಲ.

ಅಮ್ಮ ಊರಿಗೆ ಮರಳಿದ ಮೇಲೆ 2021ರಲ್ಲಿ ಬಂದ ಆರಿ–ಡಾಂಟೆಯರ ಎರಡನೆಯ ಭಾಗವನ್ನು ಫೋನಿನಲ್ಲಿ ಹೇಳುತ್ತಿದ್ದೇನೆ. ಅದರಲ್ಲಿ ಆರಿಯ ಅಪ್ಪ ತೀರಿಕೊಳ್ಳುತ್ತಾನೆ. ಅಲ್ಲಿಗೆ ಇನ್ನೂ ಬಂದಿಲ್ಲ, ಅದನ್ನು ಅವಳಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದೇನೆ. ಕಥೆಯನ್ನು ಅವಳು ಅಪ್ಪನಿಗೂ ದಾಟಿಸುತ್ತಿದ್ದಾಳೆ. ಕಳೆದ ವಾರ ಅಪ್ಪ ಫೋನು ತೆಗೆದುಕೊಂಡು, ಜೈಲಿನಲ್ಲಿರುವ ಹಿರಿಯ ಮಗನನ್ನು ಯಾರಾದರೂ ಹೋಗಿ ನೋಡಿದರೋ ಇಲ್ಲವೋ ಎಂದು ವಿಚಾರಿಸಿದರು.