ನಾಲ್ಕನೇ ಕರಡು

ನಿನ್ನೆ ರಾತ್ರಿ ನನ್ನ ಸಂಶೋಧನಾ ಪೇಪರಿನ ನಾಲ್ಕನೇ ಕರಡು ಮುಗಿಯಿತು. ರಾಗಿ ಹೊಲದ ಮಣ್ಣಿನ ತೇವದ ಬಗ್ಗೆ ಬರೆದದ್ದು. ವಿಧಾನದ ಭಾಗ ಮೊದಲು ಬರೆದೆ, ಆಮೇಲೆ ಗ್ರಾಫ್‌ಗಳು, ನಂತರ ಪೀಠಿಕೆ. ಸಾರಾಂಶ ಎಲ್ಲಕ್ಕಿಂತ ಕೊನೆಗೆ. ಓದುವವರು ಮಾತ್ರ ಅದನ್ನೇ ಮೊದಲು ಓದುತ್ತಾರೆ ಅಲ್ವಾ!

ನನ್ನನ್ನು ಅಲುಗಾಡಿಸಿದ್ದು ವಿಮರ್ಶಕರ ಪತ್ರ, ಅಂದರೆ ವಿಜ್ಞಾನ ಪತ್ರಿಕೆಯ ಪರವಾಗಿ ಹಿಂದಿನ ಕರಡನ್ನು ಓದಿ ನೋಡಿದವರದ್ದು. ಮೂರು ಪುಟ. ಎರಡು ದಿನ ಅದನ್ನು ತೆರೆಯಲು ಮನಸ್ಸೇ ಬರಲಿಲ್ಲ. ಆಗ ಭೌತವಿಜ್ಞಾನಿ ಪೀಟರ್ ಹಿಗ್ಸ್ ನೆನಪಾದರು. 1964ರಲ್ಲಿ ಅವರ ಪೇಪರೊಂದನ್ನು ಪತ್ರಿಕೆಯೊಂದು ಬೇಡ ಅಂದಿತು. ಅವರು ಸುಮ್ನೆ ಕೂರಲಿಲ್ಲ. ಒಂದಿಷ್ಟು ಸಾಲು ಸೇರಿಸಿ ಬೇರೆ ಪತ್ರಿಕೆಗೆ ಕಳಿಸಿದರು. ಹೊಸ ಕಣವೊಂದು ಇರಬೇಕು ಅನ್ನುವ ಮಾತು ಬಂದದ್ದು ಆ ಸೇರಿಸಿದ ಸಾಲುಗಳಲ್ಲೇ! 2012ರಲ್ಲಿ ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಆ ಕಣ ಸಿಕ್ಕಿತು.

ಪತ್ರ ತೆರೆದೆ. ಎರಡನೇ ವಿಮರ್ಶಕರು ಕೇಳಿದ್ದರು: ಮಳೆಗೆ ಮುಂಚಿನ ಅಳತೆ ಎಲ್ಲಿ? ಅದು ನನ್ನ ನೋಟ್‌ಬುಕ್ಕಿನಲ್ಲಿತ್ತು, ಪೇಪರಿನಲ್ಲಿ ಇರಲಿಲ್ಲ. ಆ ಒಂದು ಕೋಷ್ಟಕ ಸೇರಿಸಿದ ಮೇಲೆ ಇಡೀ ವಾದ ಗಟ್ಟಿಯಾಯಿತು. ಹೆಸರೂ ಗೊತ್ತಿಲ್ಲದ ಯಾರೋ ನನ್ನ ಬರಹವನ್ನು ಇಷ್ಟು ಗಮನವಿಟ್ಟು ಓದಿದ್ದಾರೆ. ತುಂಬಾ ಖುಷಿಯಾಯಿತು.

ಇವತ್ತು ಮಧ್ಯಾಹ್ನ ಮತ್ತೆ ಕಳಿಸುತ್ತೇನೆ.