ಗೋಡೆಯ ಸದ್ದು, ಮೃದಂಗದ ಸದ್ದು

ಸರಸ್ವತಿಪುರಂನ ನಮ್ಮ ಹಳೇ ಮನೆ ಹಾಲ್‌ನಲ್ಲಿ ರೆಡ್ ಆಕ್ಸೈಡ್ ನೆಲ, ಎದುರುಬದುರು ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಟರ್ರ್ ಅಂತ ಮಾರ್ದನಿ. ಮೃದಂಗದ ಎಡಗೈ ಪೆಟ್ಟು ಬಿದ್ದರೆ ಗುಂಯ್ ಅಂತ ಎಳೆಯೋದು. ಅಳತೆಯ ಮೈಕ್ ಇಟ್ಟು ‘ರೂಮ್ ಇಕ್ಯೂ ವಿಝರ್ಡ್’ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ನೋಡಿದೆ. ಗ್ರಾಫ್‌ನಲ್ಲಿ 94 ಹರ್ಟ್ಸ್ ಹತ್ತಿರ ದೊಡ್ಡ ಗುಡ್ಡ, ಅಂದರೆ ಆ ಸದ್ದು ಮಾತ್ರ ವಿಪರೀತ ಜೋರು! ಹಾಲ್ ಉದ್ದ 12 ಅಡಿ. ಆ ಕಂಪನದ ಒಂದು ಪೂರ್ತಿ ಅಲೆಯ ಉದ್ದವೂ ಅಷ್ಟೇ, ಹಾಗಾಗಿ ಗೋಡೆಗಳ ನಡುವೆ ಅದು ಇನ್ನೂ ಜೋರಾಗುತ್ತೆ. ಇಷ್ಟು ದಿನ ಕೇಳಿದ್ದರಲ್ಲಿ ಮೃದಂಗ ಎಷ್ಟು, ಗೋಡೆ ಎಷ್ಟು ಅಂತ ಯೋಚನೆಗೆ ಬಿದ್ದೆ.

ಗುಡ್ಡವನ್ನು ಈಕ್ವಲೈಸರ್ (ಸ್ಪೀಕರ್‌ಗೆ ಹೋಗುವ ಸದ್ದಿನಲ್ಲಿ ಬೇಕಾದ ಕಂಪನವನ್ನು ಏರಿಸಿ ಇಳಿಸುವ ಸಾಧನ) ತಗ್ಗಿಸುತ್ತೆ. ಆದರೆ ಅಲೆಗಳು ಒಂದನ್ನೊಂದು ಅಳಿಸಿಕೊಂಡು ಬಿದ್ದ ಹಳ್ಳಕ್ಕೆ ಎಷ್ಟು ಸದ್ದು ಸುರಿದರೂ ತುಂಬಲ್ಲ, ಕುರ್ಚಿಯನ್ನೇ ಸರಿಸಬೇಕು. ಟರ್ರ್ ಸದ್ದಿಗೂ ಸಾಫ್ಟ್‌ವೇರ್‌ನಲ್ಲಿ ಮದ್ದಿಲ್ಲ. ಒಂದು ಗೋಡೆಗೆ ಪುಸ್ತಕದ ಬೀರು, ಇನ್ನೊಂದಕ್ಕೆ ದಪ್ಪ ಜಮಖಾನ ಬಂತು. ಈಗ ಗುಮಕಿ, ಅಂದರೆ ಮೃದಂಗದ ಎಡಗೈ ನಾದ, ಜಾರೋದು ಎಷ್ಟು ಚೆನ್ನಾಗಿ ಕೇಳ್ತಿದೆ!